ಸಲಿಂಗಿ ಸಭಾಪಾಲಕರ ಪ್ರಶ್ನೆಗೆ 1947ರ ನಮ್ಮದೇ ಒಪ್ಪಂದದಲ್ಲಿ ದಾರಿ ಇದೆಯಾ?

ಶಾಂತಿನಗರದ ಓದುಗ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆ.

ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸತ್ಯವೇದ ಅಧ್ಯಯನದಲ್ಲಿ ಸಲಿಂಗಿಗಳಿಗೆ ಪಾಲಕರ ದೀಕ್ಷೆ ಕೊಡಬಹುದೇ ಎನ್ನುವ ವಿಷಯ ಎದ್ದರೆ ಸಾಕು, ಮಾತು ನೇರ ಅಮೆರಿಕಕ್ಕೆ ಹೋಗಿಬಿಡುತ್ತದೆ. ಒಬ್ಬರು 2003ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಬಿಷಪ್ ಆದ, ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದ ಜೀನ್ ರಾಬಿನ್ಸನ್ ಅವರ ಹೆಸರೆತ್ತುತ್ತಾರೆ. ಇನ್ನೊಬ್ಬರು ಅದರಿಂದ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ ಪರಂಪರೆಯ) ಸಭೆಗಳ ನಡುವೆ ಬಿರುಕು ಬಿಟ್ಟದ್ದು, 2008ರಲ್ಲಿ ಯೆರೂಸಲೇಮಿನಲ್ಲಿ ಅದನ್ನು ವಿರೋಧಿಸುವವರ, ಆಫ್ರಿಕಾದ ಬಿಷಪ್ಪರು ಮುಂದಿದ್ದ ಗಾಫ್ಕಾನ್ ಕೂಟ ಹುಟ್ಟಿದ್ದು ಹೇಳುತ್ತಾರೆ. ಆಮೇಲೆ ಮುಕ್ತಾಯದ ಪ್ರಾರ್ಥನೆ, ಕಾಫಿ, ಮನೆ. ನಾಳೆ ನಮ್ಮದೇ ಬಿಷಪ್ಪರ ಆಡಳಿತ ಪ್ರಾಂತದ, ಅಂದರೆ ಡಯಾಸಿಸ್‌ನ ಒಬ್ಬ ಹುಡುಗನೋ ಹುಡುಗಿಯೋ ಬಂದು "ನನಗೆ ಸೇವೆಗೆ ಕರೆ ಇದೆ, ನಾನು ಸಲಿಂಗಿ" ಎಂದರೆ ಏನು ಹೇಳುತ್ತೇವೆ ಎನ್ನುವ ಕಡೆಗೆ ಮಾತು ತಿರುಗುವುದೇ ಇಲ್ಲ.

ನಾನು ದೀಕ್ಷೆ ಕೊಡಬೇಕು ಎನ್ನುವವನು. ಆದರೆ ಇವತ್ತು ಅದಕ್ಕಿಂತ ಬೇರೆ ಒಂದು ವಿಷಯ ಮುಂದಿಡುತ್ತೇನೆ. "ಯಾರ ದೀಕ್ಷೆ ನಿಜವಾದ ದೀಕ್ಷೆ" ಎನ್ನುವ ಜಗಳ ನಮ್ಮ ಸಭೆಗೆ ಹೊಸದಲ್ಲ. ಸಿಎಸ್ಐ ಹುಟ್ಟಿದ್ದೇ ಆ ಜಗಳದ ನಡುವೆ.

1919ರಲ್ಲಿ ತರಂಗಂಬಾಡಿಯಲ್ಲಿ ಬಿಷಪ್ ಅಜರಯ್ಯ ಮುಂತಾದವರು ಕೂತು, ಬೇರೆ ಬೇರೆ ಮಿಷನ್ ಸಭೆಗಳು ಒಂದಾಗುವ ಐಕ್ಯದ ಮಾತು ಶುರು ಮಾಡಿದರು. ಅದು ಕೈಗೂಡಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ. ಇಪ್ಪತ್ತೆಂಟು ವರ್ಷ! ಅಜರಯ್ಯ ಅದನ್ನು ನೋಡಲು ಉಳಿಯಲಿಲ್ಲ. ಇಷ್ಟು ಕಾಲ ಹಿಡಿಯಲು ದೊಡ್ಡ ಕಾರಣ ಬಿಷಪ್ ಪ್ರಶ್ನೆ. ಪರಂಪರೆಯಿಂದ ಬಂದ ಬಿಷಪ್ ಕೈಯಿಟ್ಟು ಪ್ರಾರ್ಥಿಸದಿದ್ದರೆ ಅದು ದೀಕ್ಷೆಯೇ ಅಲ್ಲ ಎನ್ನುವವರು ಆಂಗ್ಲಿಕನ್ನರಲ್ಲಿ ಬಹಳ ಮಂದಿ ಇದ್ದರು. ವೆಸ್ಲಿಯನ್ನರಿಗೂ (ಬ್ರಿಟಿಷ್ ಮೆಥಡಿಸ್ಟರು) ಲಂಡನ್ ಮಿಷನ್‌ನವರಿಗೂ ಇಲ್ಲಿ ಬಿಷಪ್ಪರೇ ಇರಲಿಲ್ಲ. ಬೆಂಗಳೂರಲ್ಲೇ ನೋಡಿ: ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಆಂಗ್ಲಿಕನ್, ಕಾರ್ಪೊರೇಷನ್ ಎದುರಿನ ಹಡ್ಸನ್ ವೆಸ್ಲಿಯನ್, ಅವೆನ್ಯೂ ರಸ್ತೆಯ ರೈಸ್ ಲಂಡನ್ ಮಿಷನ್. ಹಡ್ಸನ್‌ನ ಅಯ್ಯನವರು ಕೊಡುವ ಕರ್ತನ ಭೋಜನದ ಸಂಸ್ಕಾರ ಸಿಂಧುವೇ ಎಂದು ಒಬ್ಬ ಕಟ್ಟಾ ಆಂಗ್ಲಿಕನ್ ನಿಜವಾಗಿಯೂ ಅನುಮಾನಪಡಬಹುದಿತ್ತು. ಅವನಿಗೆ ಅದು ಸಣ್ಣ ವಿಷಯವಾಗಿರಲಿಲ್ಲ.

ಹಿರಿಯರು ಏನು ಮಾಡಿದರು? ಐಕ್ಯದೊಳಗೆ ಬಂದ ಎಲ್ಲ ಪಾಲಕರನ್ನೂ ಮತ್ತೆ ದೀಕ್ಷೆ ಕೊಡದೆ, ಇದ್ದ ಹಾಗೇ ಒಪ್ಪಿಕೊಂಡರು. ಮುಂದೆ ಕೊಡುವ ದೀಕ್ಷೆಗಳನ್ನೆಲ್ಲ ಬಿಷಪ್ಪರೇ ಕೊಡುವುದೆಂದಾಯಿತು. ಜೊತೆಗೆ ಒಂದು ಮಾತು ಕೊಟ್ಟರು, ಅದಕ್ಕೇ ಪ್ಲೆಡ್ಜ್ ಎನ್ನುತ್ತಾರೆ: ಮನಸ್ಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನಾಗಲಿ, ಪಾಲಕರನ್ನಾಗಲಿ ಯಾವ ಸಭೆಯ ಮೇಲೂ ಹೇರುವುದಿಲ್ಲ. ಮೂವತ್ತು ವರ್ಷ ಹೀಗೆ ಒಟ್ಟಿಗೆ ಬಾಳಿ, ಆಮೇಲೆ ನೋಡೋಣ ಎಂದರು.

ನಂದ್ಯಾಲದ ಆಂಗ್ಲಿಕನ್ನರು ಆಗ ಒಪ್ಪದೆ ಹೊರಗುಳಿದರು. ಎಷ್ಟೋ ವರ್ಷದ ಮೇಲೆ ಬಂದು ಸೇರಿದರು. 2013ರಲ್ಲಿ ಸಿಎಸ್ಐನ ಮೊದಲ ಮಹಿಳಾ ಬಿಷಪ್ ಪುಷ್ಪ ಲಲಿತಾ ಅವರು ನೇಮಕವಾದದ್ದು ಅದೇ ನಂದ್ಯಾಲಕ್ಕೆ.

ಅಮೆರಿಕದ ಒಡಕು, ಆಫ್ರಿಕಾದ ಬಹಿಷ್ಕಾರ, ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು ಎಂದು ನಾವು ಯಾಕೆ ಅಂದುಕೊಂಡಿದ್ದೇವೆ? ಬೇಡವೆನ್ನುವ ಸಭೆಗೆ ಸಲಿಂಗಿ ಪಾಲಕರನ್ನು ಕಳಿಸಬೇಡಿ. ಬೇಕೆನ್ನುವ ಸಭೆಗೆ ತಡೆಯಬೇಡಿ. ಇಬ್ಬರೂ ಸಿಎಸ್ಐನ ಮೇಲ್ಮಂಡಳಿಯಾದ ಒಂದೇ ಸಿನೊಡ್‌ನಲ್ಲಿ ಇರೋಣ. ನಿಮ್ಮ ಅಭಿಪ್ರಾಯ ಹೇಳಿ.

ನಿವೃತ್ತ ಮೇಷ್ಟ್ರು, ದಾಸರಹಳ್ಳಿ

ಚೆನ್ನಾಗಿ ಬರೆದಿದ್ದೀರಿ, ಚರಿತ್ರೆಯೂ ಸರಿಯಾಗಿದೆ. ಆದರೆ ಹೋಲಿಕೆ ಕೂಡುವುದಿಲ್ಲ. ಬಿಷಪ್ ಬೇಕೋ ಬೇಡವೋ ಎನ್ನುವುದು ಸಭೆಯ ವ್ಯವಸ್ಥೆಯ ಪ್ರಶ್ನೆ. ವೆಸ್ಲಿಯನ್ ಪಾಲಕರು ಪಾಪದಲ್ಲಿ ಬಾಳುತ್ತಿದ್ದಾರೆಂದು ಆಂಗ್ಲಿಕನ್ನರು ಹೇಳಿರಲಿಲ್ಲ. ಇಲ್ಲಿರುವುದು ನಡತೆಯ ಪ್ರಶ್ನೆ. ಯಾಜಕಕಾಂಡ 18:22ನ್ನು ಹಳೇ ಒಡಂಬಡಿಕೆ ಎಂದು ಬದಿಗಿಟ್ಟರೂ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯ ಇದೆ, ಕೊರಿಂಥದವರಿಗೆ ಬರೆದದ್ದಿದೆ. ಸಭಾಧ್ಯಕ್ಷನು ಹೇಗಿರಬೇಕೆಂದು 1 ತಿಮೊಥೆಯ 3ರಲ್ಲಿ ಸ್ಪಷ್ಟವಾಗಿದೆ.

ನಾನು ಯಾರನ್ನೂ ದ್ವೇಷಿಸಿ ಈ ಮಾತು ಹೇಳುತ್ತಿಲ್ಲ. ಕುಡಿಯುವವರನ್ನು, ಸಾಲಕ್ಕೆ ಮೋಸ ಮಾಡಿದವರನ್ನು ಪಾಲಕರಾಗಿ ತಂದು ಕೂರಿಸಿದಾಗಲೂ ನಾನು ಎದ್ದು ನಿಂತು ವಿರೋಧಿಸಿದ್ದೇನೆ. ಪೀಠದ ಮೇಲೆ ನಿಲ್ಲುವವರಿಗೆ ಬೇರೆ ಅಳತೆ ಇದೆ, ಇರಲೇಬೇಕು.

ರಿಚ್ಮಂಡ್ ಟೌನ್ ಮೆಥಡಿಸ್ಟ್

ಎರಡು ವರ್ಷದಿಂದ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ನಿಮ್ಮವರು ಒಪ್ಪಿಬಿಟ್ಟರಂತಲ್ಲ?" ಒಮ್ಮೆ ಸರಿಯಾಗಿ ಬರೆದುಬಿಡುತ್ತೇನೆ.

ಬೆಂಗಳೂರಲ್ಲಿ ಮೆಥಡಿಸ್ಟ್ ಎಂದರೆ ಎರಡು ಕವಲು. ಬ್ರಿಟನ್ನಿಂದ ಬಂದ ವೆಸ್ಲಿಯನ್ನರು 1947ರಲ್ಲಿ ಸಿಎಸ್ಐ ಸೇರಿದರು. ಅಮೆರಿಕದಿಂದ ಬಂದವರು, ಅಂದರೆ ಬಾಲ್ಡ್‌ವಿನ್ ಶಾಲೆಗಳನ್ನು ಕಟ್ಟಿದವರು, ಸೇರಲಿಲ್ಲ. 1981ರಲ್ಲಿ ಅದು ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವತಂತ್ರ ಸಭೆಯಾಯಿತು. ನಮ್ಮ ನಿಯಮ ಪುಸ್ತಕ ನಮ್ಮದು, ಬಿಷಪ್ಪರು ನಮ್ಮವರು. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಯ ನಿರ್ಣಯ ನಮಗೆ ತಾನಾಗಿ ಅನ್ವಯಿಸುವುದಿಲ್ಲ.

ಅಲ್ಲಿ ಆದದ್ದು ಹೀಗೆ. 1972ರಲ್ಲಿ ಸಲಿಂಗ ಆಚರಣೆ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂದು ನಿಯಮ ಪುಸ್ತಕದಲ್ಲಿ ಸೇರಿಸಿದರು. 1984ರಲ್ಲಿ ದೀಕ್ಷೆಗೆ ನಿಷೇಧ ಹಾಕಿದರು. 2019ರಲ್ಲಿ ಸೇಂಟ್ ಲೂಯಿಸ್‌ನ ವಿಶೇಷ ಅಧಿವೇಶನ 438–384 ಮತಗಳಿಂದ ಆ ನಿಷೇಧವನ್ನು ಇನ್ನೂ ಬಿಗಿ ಮಾಡಿತು. ಅಂದರೆ ಗೆದ್ದದ್ದು ಸಂಪ್ರದಾಯದ ಪಕ್ಷ. ಆದರೂ 2019ರಿಂದ 2023ರೊಳಗೆ ಅಮೆರಿಕದಲ್ಲಿ 7,600ಕ್ಕೂ ಹೆಚ್ಚು ಸ್ಥಳೀಯ ಸಭೆಗಳು ಬಿಟ್ಟು ಹೋದವು, ಹೆಚ್ಚಿನವು ಸಂಪ್ರದಾಯ ಪಕ್ಷದವೇ. ಅವರು ಹೋದ ಮೇಲೆ 2024ರ ಮೇ 1ರಂದು ಷಾರ್ಲಟ್‌ನಲ್ಲಿ ನಿಷೇಧ ತೆಗೆದರು. 692ಕ್ಕೆ 51. ಅದೇ ತಿಂಗಳು ಐವರಿ ಕೋಸ್ಟ್‌ನ ಮೆಥಡಿಸ್ಟರು ಹೊರಹೋಗಲು ಮತ ಹಾಕಿದರು.

ಈ ಅಂಕಿಗಳನ್ನು ಹೇಳಿದ್ದಕ್ಕೆ ಕಾರಣವಿದೆ. 384 ಮತ ಬಿದ್ದ ಪಕ್ಷ ಐದು ವರ್ಷದಲ್ಲಿ 692 ಆದದ್ದು ಯಾರೋ ಮನಸ್ಸು ಬದಲಿಸಿದ್ದರಿಂದಲ್ಲ, ಮುಖ್ಯವಾಗಿ ಎದುರಿದ್ದವರು ಎದ್ದು ಹೋದದ್ದರಿಂದ. ಮತ ಹಾಕಿ ಗೆಲ್ಲುವ ದಾರಿ ಎಲ್ಲಿಗೆ ಒಯ್ಯುತ್ತದೆಂದು ನಾವು ಹತ್ತಿರದಿಂದ ನೋಡಿದ್ದೇವೆ. ಶಾಂತಿನಗರದವರು ಹೇಳುವ ಪ್ಲೆಡ್ಜ್ ಮಾದರಿಯ ಬಗ್ಗೆ ನನಗೆ ಆಸೆ ಇರುವುದು ಇದಕ್ಕೇ.

ಇನ್ನೊಂದು ಮಾತು. ಹಡ್ಸನ್ ದೇವಾಲಯ ಕಟ್ಟಿದ ವೆಸ್ಲಿಯನ್ ಮಿಷನ್‌ನ ತಾಯಿಸಭೆ, ಬ್ರಿಟನ್ನಿನ ಮೆಥಡಿಸ್ಟ್ ಸಭೆ, 2021ರ ಜೂನ್ 30ರಂದು 254–46 ಮತಗಳಿಂದ ಸಲಿಂಗ ವಿವಾಹಕ್ಕೇ ಒಪ್ಪಿಗೆ ಕೊಟ್ಟಿದೆ. ಮನಸ್ಸಾಕ್ಷಿ ಒಪ್ಪದ ಪಾಲಕರು ಮದುವೆ ಮಾಡಿಸಬೇಕಿಲ್ಲ ಎಂಬ ರಕ್ಷಣೆ ಅದರಲ್ಲಿದೆ. ಅಲ್ಲಿ ಸಭೆ ಎರಡಾಗಲಿಲ್ಲ.

ಲಿಂಗರಾಜಪುರಂ ಬ್ರದರ್

ಸ್ತೋತ್ರ. ನಮ್ಮ ಪೆಂತೆಕೊಸ್ತ ಸಭೆಯಲ್ಲಿ ಸಿನೊಡ್ ಇಲ್ಲ, ವೋಟಿಲ್ಲ. ವಾಕ್ಯ ಏನು ಹೇಳುತ್ತೋ ಅಷ್ಟೆ. ದೇವರು ಬದಲಾಯಿಸಲಾರದ ಮನುಷ್ಯನಿಲ್ಲ.

ಬೆನ್ಸನ್ ಟೌನ್ ವಿದ್ಯಾರ್ಥಿನಿ

ಬ್ರದರ್, ಬದಲಾಯಿಸಲು ಎಂದು ಉಪವಾಸ ಹಾಕಿಸಿ, ಕೋಣೆಯಲ್ಲಿ ಕೂರಿಸಿ, ರಾತ್ರಿಯೆಲ್ಲ ತಲೆ ಮೇಲೆ ಕೈಯಿಟ್ಟು ಕೂಗಿದ ಪ್ರಾರ್ಥನೆಗಳಿಂದ ಒಡೆದುಹೋದವರ ಜೊತೆ ನಾನು ಕೂತು ಮಾತಾಡಿದ್ದೇನೆ. ದಯವಿಟ್ಟು ಆ ಮಾತನ್ನು ಅಷ್ಟು ಸಲೀಸಾಗಿ ಹೇಳಬೇಡಿ.

ಮೇಷ್ಟ್ರೇ, ನಿಮಗೆ ಒಂದು ಪ್ರಶ್ನೆ. ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯದಲ್ಲಿ ಪೇತ್ರನು ಕೊರ್ನೇಲ್ಯನ ಮನೆಯಲ್ಲಿ ಇನ್ನೂ ಮಾತಾಡುತ್ತಿರುವಾಗಲೇ ಪವಿತ್ರಾತ್ಮನು ಯೆಹೂದ್ಯರಲ್ಲದ, ಸುನ್ನತಿಯಿಲ್ಲದವರ ಮೇಲೆ ಇಳಿದನು. ವರ ಮೊದಲು ಬಂತು. ಯೆರೂಸಲೇಮಿನ ಹಿರಿಯರು ಕೂತು ನಿಯಮದ ಬಗ್ಗೆ ಮಾತಾಡಿದ್ದು ಆಮೇಲೆ, 15ನೇ ಅಧ್ಯಾಯದಲ್ಲಿ. ಒಬ್ಬರಲ್ಲಿ ಬೋಧಿಸುವ ವರ, ನೊಂದವರ ಪಕ್ಕ ಕೂರುವ ವರ ಕಣ್ಣೆದುರೇ ಕಾಣುತ್ತಿದ್ದರೆ ನಾವು ಏನು ಮಾಡಬೇಕು?

1998ರ ಲ್ಯಾಂಬೆತ್ ಸಮ್ಮೇಳನದ (ಲೋಕದ ಆಂಗ್ಲಿಕನ್ ಬಿಷಪ್ಪರ ಕೂಟ) 1.10ನೇ ನಿರ್ಣಯವನ್ನೂ ಪೂರ್ತಿ ಓದಿ ಎಂದು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. 526 ಬಿಷಪ್ಪರು ಪರ, 70 ವಿರೋಧ, 45 ತಟಸ್ಥ. ಸಲಿಂಗ ಆಚರಣೆ ವಾಕ್ಯಕ್ಕೆ ಹೊಂದುವುದಿಲ್ಲ, ಅಂಥ ಸಂಬಂಧದಲ್ಲಿರುವವರಿಗೆ ದೀಕ್ಷೆ ಕೊಡಲು ಸಲಹೆ ನೀಡಲಾರೆವು ಎನ್ನುವ ಭಾಗ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಸಲಿಂಗಿಗಳ ಅನುಭವಕ್ಕೆ ಕಿವಿಗೊಡುತ್ತೇವೆ ಎಂದು ಅದೇ ನಿರ್ಣಯದಲ್ಲಿ ಮಾತು ಕೊಟ್ಟಿದ್ದಾರೆ. ನಮ್ಮ ಯಾವ ಪಾಲಕರ ಕ್ಷೇತ್ರದಲ್ಲಿ, ಯಾವ ಪಾಸ್ಟರೇಟ್‌ನಲ್ಲಿ ಯಾರು ಕೂತು ಕೇಳಿಸಿಕೊಂಡರು? ನಿರ್ಣಯವನ್ನು ಹಿಡಿಯುವುದಾದರೆ ಇಡಿಯಾಗಿ ಹಿಡಿಯೋಣ.

ನಿವೃತ್ತ ಮೇಷ್ಟ್ರು, ದಾಸರಹಳ್ಳಿ

ಒಳ್ಳೆಯ ಪ್ರಶ್ನೆ ಕೇಳಿದಿರಿ, ಮಗಳೇ. ಆದರೆ 15ನೇ ಅಧ್ಯಾಯವನ್ನೂ ಇಡಿಯಾಗಿ ಓದಬೇಕು. ಸುನ್ನತಿಯ ಹೊರೆ ತೆಗೆದ ಅದೇ ಹಿರಿಯರು ಜಾರತ್ವವನ್ನು ಬಿಡಬೇಕೆಂದು ಅದೇ ಕಾಗದದಲ್ಲಿ ಬರೆದರು. ನಿಯಮ ಸಡಿಲಿಸಿದರು, ನಡತೆಯನ್ನು ಸಡಿಲಿಸಲಿಲ್ಲ. ಕೇಳಿಸಿಕೊಳ್ಳಬೇಕು ಎನ್ನುವುದನ್ನು ಒಪ್ಪುತ್ತೇನೆ. ಅದನ್ನು ನಾವು ಮಾಡಿಲ್ಲ.

ಕಾಯಿರ್ ಟೆನರ್

ಇಷ್ಟೊತ್ತು ಓದ್ತಾ ಇದ್ದೆ. ಈಗ ಬರೀತೀನಿ.

ನಾನು ಗೇ. ಮೂರು ತಲೆಮಾರಿನಿಂದ ಸಿಎಸ್ಐ. ಸಂಡೇ ಸ್ಕೂಲಲ್ಲಿ ಬಾಯಿಪಾಠದ ಬಹುಮಾನ, ಯುವಜನ ಕೂಟದ ಸೆಕ್ರೆಟರಿ, ಸುಗ್ಗಿ ಹಬ್ಬದ ಹರಾಜು ಕೂಗೋನೂ ನಾನೇ. ಪಿಯುಸಿ ಮುಗಿಯೋ ಹೊತ್ತಿಗೇ ನನಗೆ ಗೊತ್ತಿತ್ತು, ಸೇವೆಗೆ ಹೋಗ್ಬೇಕು ಅಂತ. ಅಯ್ಯನವರಿಗೂ ಗೊತ್ತಿತ್ತು, ಅವರೇ ಎಷ್ಟೋ ಸಲ ಪ್ರಸಂಗ ಮಾಡೋಕೆ ನಿಲ್ಲಿಸಿದ್ರು. ಡಿಗ್ರಿ ಆದ್ಮೇಲೆ ಶಿಫಾರಸು ಪತ್ರ ಕೇಳೋಕೆ ಹೋದೆ. ಒಳ್ಳೇ ಮನುಷ್ಯ, ಖುಷಿಪಟ್ರು. "ಓದು ಮುಗಿಸು, ದೀಕ್ಷೆ ಹೊತ್ತಿಗೆ ಒಳ್ಳೇ ಕುಟುಂಬದ ಹುಡುಗಿ ನೋಡೋಣ, ಒಂಟಿ ಪಾಲಕರನ್ನ ಸಭೆ ನಂಬಲ್ಲ" ಅಂದ್ರು. ನಾನು ಸುಮ್ನೆ ಎದ್ದು ಬಂದೆ. ಈಗ ಬ್ಯಾಂಕಲ್ಲಿದ್ದೀನಿ.

ನೋಡಿ, ನನಗೆ ಯಾರೂ "ಬೇಡ" ಅನ್ನಲಿಲ್ಲ. ಯಾವ ಕಮಿಟಿಯೂ ನನ್ನ ವಿರುದ್ಧ ಮತ ಹಾಕಲಿಲ್ಲ. ಅಮೆರಿಕದಲ್ಲಿ ನಿಷೇಧ ಅಂತ ಒಂದು ಸಾಲು ಬರೆದಿದ್ರು, ಅದನ್ನ ತೆಗೀರಿ ಅಂತ ಜನ ನಲವತ್ತು ವರ್ಷ ಬಡಿದಾಡಿದ್ರು. ನನ್ನನ್ನ ತಡೆದಿದ್ದು ಎಲ್ಲೂ ಬರೆದಿಲ್ಲದ ನಿಯಮ. ಅದನ್ನ ತೆಗೀರಿ ಅಂತ ಯಾರ ಹತ್ರ ಕೇಳಲಿ?

ಶಾಂತಿನಗರದ ಅಣ್ಣ, ನಿಮ್ಮ ಮನಸ್ಸು ದೊಡ್ಡದು. ಆದ್ರೆ ನಿಮ್ಮ ಪ್ಲೆಡ್ಜ್ ಓದಿದಾಗ ಒಂದು ನೋವಾಯ್ತು. 1947ರಲ್ಲಿ ವೆಸ್ಲಿಯನ್ ಪಾಲಕರ ಹಿಂದೆ ಇಡೀ ವೆಸ್ಲಿಯನ್ ಸಭೆ ಇತ್ತು. ಅವರು ಬಾಗಿಲು ತಟ್ಟಿ ಒಳಗೆ ಬಂದವರಲ್ಲ, ಸಮಸಮ ಕೂತು ಮಾತಾಡಿದವರು. ನನ್ನ ಹಿಂದೆ ಯಾರಿದ್ದಾರೆ? "ಬೇಡದ ಸಭೆಗೆ ಕಳಿಸಲ್ಲ" ಅಂತ ಶುರು ಮಾಡಿದ್ರೆ ನಾನು ಮೂವತ್ತು ವರ್ಷ ಯಾವ ಊರಲ್ಲಿರಲಿ?

ವಕೀಲೆ, ಬಸವನಗುಡಿ

ಕಾನೂನಿನ ಕಡೆಯಿಂದ ಎರಡು ಮಾತು, ಏಕೆಂದರೆ "ನಾಳೆ ಕೋರ್ಟ್ ಹೇಳಿ ಮಾಡಿಸುತ್ತೆ" ಎನ್ನುವ ಭಯ ಸಭೆಗಳಲ್ಲಿದೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಸೆಕ್ಷನ್‌ನ ವ್ಯಾಪ್ತಿಯಿಂದ ವಯಸ್ಕರ ಒಪ್ಪಿತ ಸಂಬಂಧವನ್ನು ಹೊರಗಿಟ್ಟಿತು. ಅದು ಅಪರಾಧದ ಪ್ರಶ್ನೆ ಮಾತ್ರ. ಸಂವಿಧಾನದ 26ನೇ ವಿಧಿಯಡಿ ಧಾರ್ಮಿಕ ಪಂಗಡಗಳು ತಮ್ಮ ಧರ್ಮದ ವಿಷಯಗಳನ್ನು ತಾವೇ ನಡೆಸಿಕೊಳ್ಳಬಹುದು. ಯಾರಿಗೆ ದೀಕ್ಷೆ ಎನ್ನುವುದು ಸಭೆಯೇ ತೀರ್ಮಾನಿಸಬೇಕಾದ ವಿಷಯ ಎಂದೇ ನನ್ನ ತಿಳಿವಳಿಕೆ. ಆದ್ದರಿಂದ ಕೋರ್ಟಿನ ನೆಪ ಹೇಳಿ ಯಾರೂ ಹೆದರಬೇಕಿಲ್ಲ, ಕೋರ್ಟಿನ ನೆಪ ಹೇಳಿ ಯಾರೂ ಜಾರಿಕೊಳ್ಳುವಂತೆಯೂ ಇಲ್ಲ.

ಎರಡನೆಯದು. ಹಲವು ಸಭೆಗಳ ಸೂತ್ರ "ವಿವಾಹದಲ್ಲಿ ನಿಷ್ಠೆ, ಇಲ್ಲವಾದರೆ ಬ್ರಹ್ಮಚರ್ಯ". ಚರ್ಚ್ ಆಫ್ ಇಂಗ್ಲೆಂಡ್ 2005ರಿಂದ ತನ್ನ ಪಾಲಕರಿಗೆ ಮದುವೆಯಲ್ಲದ, ಕಾನೂನು ಮಾನ್ಯ ಜೊತೆಬಾಳ್ವೆಯಾದ ಸಿವಿಲ್ ಪಾರ್ಟ್‌ನರ್‌ಶಿಪ್‌ಗೆ ಅವಕಾಶ ಕೊಟ್ಟು, ಬ್ರಹ್ಮಚರ್ಯದ ಷರತ್ತು ಹಾಕಿತು. ನಮ್ಮಲ್ಲಿ 2023ರ ಅಕ್ಟೋಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರವೂ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಇಲ್ಲ. ಹಾಗಾಗಿ "ಮದುವೆಯಾಗಿ ನಿಷ್ಠೆಯಿಂದಿರಿ" ಎನ್ನುವ ಅರ್ಧ ಇಲ್ಲಿನ ಸಲಿಂಗಿಗೆ ಮುಚ್ಚಿದೆ. ಉಳಿಯುವುದು ಜೀವಮಾನವಿಡೀ ಬ್ರಹ್ಮಚರ್ಯ. ಅದರ ಜೊತೆಗೆ "ಒಂಟಿ ಪಾಲಕರನ್ನು ನಂಬಲ್ಲ" ಎನ್ನುವುದೂ ಸೇರಿದರೆ ಕಾಯಿರ್ ಟೆನರ್ ಅವರಂಥವರಿಗೆ ಯಾವ ಬಾಗಿಲೂ ಉಳಿಯುವುದಿಲ್ಲ. ಬ್ರಹ್ಮಚರ್ಯವನ್ನು ಒಪ್ಪಿಕೊಂಡವರಿಗೂ ಉಳಿಯುವುದಿಲ್ಲ!

2013ರಲ್ಲಿ 377ನ್ನು ಉಳಿಸಿಕೊಟ್ಟ ತೀರ್ಪಿನಲ್ಲಿ ಮೇಲ್ಮನವಿದಾರರ ಪಟ್ಟಿ ನೋಡಿ. ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್, ಅಪೊಸ್ಟೊಲಿಕ್ ಚರ್ಚಸ್ ಅಲಯನ್ಸ್ ಅದರಲ್ಲಿವೆ. ನಮ್ಮವರು ಈ ವಿಷಯದಲ್ಲಿ ಮೌನವಾಗಿದ್ದರು ಎಂದು ಹೇಳಲಾಗದು. ಜೈಲಿಗೆ ಹಾಕುವ ಕಾನೂನನ್ನು ಉಳಿಸಿ ಎಂದು ದೆಹಲಿಯವರೆಗೆ ಹೋದವರು ಕ್ರೈಸ್ತರಲ್ಲೂ ಇದ್ದರು.

ಮಲ್ಲೇಶ್ವರ ಕಥೋಲಿಕ

ನಮ್ಮ ಕಡೆಯದು ಚಿಕ್ಕದಾಗಿ. ಗುರುಗಳೆಲ್ಲ ಬ್ರಹ್ಮಚಾರಿಗಳೇ ಆದ್ದರಿಂದ ಸಲಿಂಗಿ ಗುರುಗಳ ಪ್ರಶ್ನೆ ನಮಗೆ ಇಲ್ಲ ಎಂದು ಹಲವರ ಎಣಿಕೆ. ಹಾಗಲ್ಲ. 2005ರಲ್ಲಿ ವ್ಯಾಟಿಕನ್ ಹೊರಡಿಸಿದ ಸೂಚನೆಯ ಪ್ರಕಾರ ಆಳವಾದ ಸಲಿಂಗ ಒಲವು ಇರುವವರನ್ನು ಸೆಮಿನರಿಗೆ ಸೇರಿಸಿಕೊಳ್ಳುವಂತಿಲ್ಲ. ಬ್ರಹ್ಮಚರ್ಯಕ್ಕೆ ಸಿದ್ಧವಿದ್ದರೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಸಲಿಂಗ ಜೋಡಿಗಳಿಗೆ ಸರಳ ಆಶೀರ್ವಾದ ಕೊಡಬಹುದು ಎಂದಾಯಿತು, ಗುರುದೀಕ್ಷೆಯ ನಿಯಮ ಹಾಗೇ ಇದೆ. ನಡತೆಯ ಪ್ರಶ್ನೆ ಎನ್ನುವ ಮೇಷ್ಟ್ರು ಇದನ್ನು ಯೋಚಿಸಬೇಕು: ಇಲ್ಲಿ ನಡತೆಯನ್ನು ನೋಡುವುದಕ್ಕೆ ಮೊದಲೇ ಒಲವನ್ನು ನೋಡಿ ಬಾಗಿಲು ಹಾಕುತ್ತಾರೆ.

ನಿವೃತ್ತ ಮೇಷ್ಟ್ರು, ದಾಸರಹಳ್ಳಿ

ತಮ್ಮಾ ಕಾಯಿರ್ ಟೆನರ್, ನೀವು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಸುಳ್ಳು ಮದುವೆ ಮಾಡಿಕೊಂಡು ಒಂದು ಹೆಣ್ಣುಮಗಳ ಬಾಳು ಹಾಳು ಮಾಡಿ ದೀಕ್ಷೆ ಪಡೆಯುವ ದಾರಿ ನಿಮಗೆ ತೆರೆದಿತ್ತು. ನೀವು ಅದನ್ನು ಹಿಡಿಯಲಿಲ್ಲ. ಆ ಪ್ರಾಮಾಣಿಕತೆ ಪೀಠದಲ್ಲಿರುವ ಎಷ್ಟೋ ಜನರಿಗಿಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಒಂಟಿಯಾಗಿ, ಪರಿಶುದ್ಧವಾಗಿ ಬಾಳುವವರಿಗೆ ದೀಕ್ಷೆ ಕೊಡಲು ವಾಕ್ಯದಲ್ಲಿ ಯಾವ ಅಡ್ಡಿಯೂ ಇಲ್ಲ. ಪೌಲನೇ ಒಂಟಿ. ಸಂಗಾತಿಯೊಡನೆ ಬಾಳುವವರ ವಿಷಯದಲ್ಲಿ ನನ್ನ ಉತ್ತರ ಮೊದಲಿನದೇ. ನೀವು ಕಾಯಿರ್‌ನಲ್ಲಿ ಹಾಡುವುದನ್ನು ಮಾತ್ರ ಯಾರೂ ತಡೆಯಕೂಡದು.

ಕಾಯಿರ್ ಟೆನರ್

ಮೇಷ್ಟ್ರೇ, ಇಷ್ಟು ನೇರವಾಗಿ ನನ್ನ ಜೊತೆ ಸಭೆಯವರು ಯಾರೂ ಮಾತಾಡಿರಲಿಲ್ಲ. ಅದಕ್ಕೆ ವಂದನೆ. ಆದ್ರೆ ಹಾಡೋಕೆ ನಾನು ಆಗ್ಬಹುದು, ಕಾಣಿಕೆ ಎಣಿಸೋಕೆ ಆಗ್ಬಹುದು, ಸಂಸ್ಕಾರದ ಮೇಜಿನ ಹಿಂದೆ ನಿಲ್ಲೋಕೆ ಮಾತ್ರ ಆಗಲ್ಲ ಅಂದ್ರೆ, ನನ್ನ ಕೈಯಿಂದ ಸಭೆಗೆ ಏನು ಅಂಟುತ್ತೆ ಅಂತ ಭಯ? ಆ ಪ್ರಶ್ನೆ ನಿಮಗೊಬ್ಬರಿಗೇ ಅಲ್ಲ.

ಪ್ರೆಸ್ಬಿಟರ್, ಹಳ್ಳಿ ಪಾಸ್ಟರೇಟ್

ನಾನು ಪ್ರೆಸ್ಬಿಟರ್, ಅಂದರೆ ದೀಕ್ಷೆ ಪಡೆದ ಪಾಲಕಿಯಾಗಿ ಸೇವೆಯಲ್ಲಿರುವ ಹೆಂಗಸು. ಹೆಸರು ಬೇಡ.

"ಕೈಯಿಂದ ಏನು ಅಂಟುತ್ತೆ" ಎನ್ನುವುದನ್ನು ಓದಿ ಬರೆಯದೆ ಇರಲಾಗಲಿಲ್ಲ. ನನ್ನ ಮೊದಲ ಪಾಸ್ಟರೇಟ್‌ನಲ್ಲಿ ಸಂಸ್ಕಾರದ ಭಾನುವಾರ ಕೆಲವರು ಮೇಜಿನ ಹತ್ತಿರ ಬರುತ್ತಿರಲಿಲ್ಲ. ಬೇರೆ ಊರಿನ ಅಯ್ಯನವರು ಬಂದಾಗ ತೆಗೆದುಕೊಳ್ಳುತ್ತಿದ್ದರು. ನನ್ನ ದೀಕ್ಷೆ ಸಿನೊಡ್ ಒಪ್ಪಿದ್ದು, ಬಿಷಪ್ ಕೊಟ್ಟದ್ದು, ಅದರಲ್ಲಿ ಸಂಶಯವೇ ಇರಲಿಲ್ಲ. ಆದರೂ ಬರುತ್ತಿರಲಿಲ್ಲ. ಅವರನ್ನು ಬದಲಾಯಿಸಿದ್ದು ನನ್ನ ವಾದವಲ್ಲ. ಆಸ್ಪತ್ರೆಗೆ ರಾತ್ರಿ ಹೋದದ್ದು, ಮಣ್ಣಿಗೆ ನಿಂತದ್ದು, ಮಗುವಿಗೆ ದೀಕ್ಷಾಸ್ನಾನ ಕೊಡಿಸುವಾಗ ಹೆಸರಿಡಲು ಅಜ್ಜಿ ನನ್ನನ್ನೇ ಕೇಳಿದ್ದು, ಇವು. ಎಲ್ಲರೂ ಬದಲಾಗಲಿಲ್ಲ. ಕೆಲವರು ನಾನು ವರ್ಗವಾಗುವವರೆಗೆ ಹಾಗೇ ಇದ್ದರು.

ಈಗ ಪ್ಲೆಡ್ಜ್ ವಿಷಯ. ನಮ್ಮಲ್ಲಿ ಪಾಲಕರನ್ನು ಸಭೆ ಆರಿಸುವುದಿಲ್ಲ, ಡಯಾಸಿಸ್ ವರ್ಗ ಮಾಡುತ್ತದೆ. "ಮನಸ್ಸಾಕ್ಷಿ ಒಪ್ಪದವರ ಮೇಲೆ ಹೇರುವುದಿಲ್ಲ" ಎನ್ನುವ ಮಾತು ಕಾಗದದಲ್ಲಿ ಚೆಂದ. ವರ್ಗಾವಣೆ ಪಟ್ಟಿಯಲ್ಲಿ ಅದರ ಅರ್ಥ: ಹೆಂಗಸಿದ್ದರೆ ಚಿಕ್ಕ ಸಭೆ, ದೂರದ ಸಭೆ, ಸಂಬಳಕ್ಕೆ ಕಾಣಿಕೆ ಸಾಲದ ಸಭೆ. ಮನಸ್ಸಾಕ್ಷಿಯ ಖರ್ಚನ್ನು ಸಭೆಯವರು ಕೊಡುವುದಿಲ್ಲ, ಪಾಲಕರ ಮನೆಯವರು ಕೊಡುತ್ತಾರೆ. ಆದ್ದರಿಂದ ಶಾಂತಿನಗರದ ಸಹೋದರರೇ, ನಿಮ್ಮ ಯೋಜನೆ ನಡೆಯಬೇಕಾದರೆ ಅದಕ್ಕೆ ಇನ್ನೊಂದು ಕಾಲು ಬೇಕು: ಒಪ್ಪುವ ಸಭೆಗಳು ಮೊದಲೇ ಮುಂದೆ ಬಂದು, "ನಮಗೆ ಕಳಿಸಿ" ಎಂದು ಪಾಸ್ಟರೇಟ್ ಕಮಿಟಿಯಲ್ಲಿ ನಿರ್ಣಯ ಮಾಡಿ ಬರೆದು ಕೊಡಬೇಕು. ಹೆಂಗಸರಿಗೆ ಅಂಥ ಸಭೆಗಳಿದ್ದಿದ್ದರೆ ಎಷ್ಟೋ ಜನ ಸೇವೆ ಬಿಟ್ಟು ಶಾಲೆ ಕೆಲಸಕ್ಕೆ ಹೋಗುತ್ತಿರಲಿಲ್ಲ.

ಶಾಂತಿನಗರದ ಓದುಗ

ಕಾಯಿರ್ ಟೆನರ್, ನಿಮ್ಮ ಹಿಂದೆ ಯಾರಿದ್ದಾರೆ ಎಂದು ಕೇಳಿದಿರಿ. ಪ್ರೆಸ್ಬಿಟರ್ ಹೇಳಿದ್ದೇ ಅದಕ್ಕೆ ಉತ್ತರವಾಗಬೇಕು. ಪ್ಲೆಡ್ಜ್‌ನ ಬಲ ಇದ್ದದ್ದು ಹೇರುವುದಿಲ್ಲ ಎನ್ನುವ ಅರ್ಧದಲ್ಲಿ ಮಾತ್ರವಲ್ಲ. ಐಕ್ಯದೊಳಗೆ ಬಂದ ಒಬ್ಬ ಪಾಲಕರನ್ನೂ ಹೊರಗಿಡುವುದಿಲ್ಲ ಎನ್ನುವ ಅರ್ಧ ಮೊದಲು ಬಂತು, ಅದರ ಮೇಲೆ ಇದು ನಿಂತಿತು. ನಾವು ಬರೀ ಎರಡನೆಯದನ್ನು ತಂದರೆ ಅದು ತಡೆಗೋಡೆಯೇ ಆಗುತ್ತದೆ. ಆದ್ದರಿಂದ ಹೀಗೆ ಮಾಡೋಣವೇ: ಡಯಾಸಿಸ್‌ಗೆ ಮತದ ಪ್ರಸ್ತಾಪ ಕಳಿಸುವುದು ಈಗ ಬೇಡ. ನಮ್ಮ ಪಾಸ್ಟರೇಟ್ ಕಮಿಟಿಯ ಮುಂದೆ ಎರಡು ವಿಷಯ ಇಡುತ್ತೇನೆ. ದೀಕ್ಷೆಗೆ ಶಿಫಾರಸು ಮಾಡುವಾಗ ಮದುವೆಯ ಪ್ರಶ್ನೆ ಕೇಳಬಾರದು. ಸಲಿಂಗಿ ಪಾಲಕರನ್ನು ಕಳಿಸಿದರೆ ನಮ್ಮ ಸಭೆ ಸ್ವೀಕರಿಸುತ್ತದೆಯೇ ಎಂದು ಸಭೆಯಲ್ಲೇ ಮುಕ್ತವಾಗಿ ಚರ್ಚಿಸಬೇಕು. ಎರಡನೆಯದಕ್ಕೆ ಇಲ್ಲ ಎಂದು ಬರಬಹುದು. ಬಂದರೂ ಅದು ಬರೆದ ಇಲ್ಲ ಆಗಿರುತ್ತದೆ, ಅದರ ಮೇಲೆ ಮುಂದಿನ ವರ್ಷ ಮತ್ತೆ ಮಾತಾಡಬಹುದು.

ನಿವೃತ್ತ ಮೇಷ್ಟ್ರು, ದಾಸರಹಳ್ಳಿ

ಮೊದಲನೆಯದಕ್ಕೆ ನನ್ನ ಒಪ್ಪಿಗೆ, ನಮ್ಮ ಸಭೆಯಲ್ಲೂ ನಾನೇ ಎತ್ತುತ್ತೇನೆ. ಎರಡನೆಯದಕ್ಕೆ ನನ್ನ ಮತ ಇಲ್ಲ. ಆದರೆ ಚರ್ಚೆಯಾಗಲಿ, ನನ್ನ ವಾದವನ್ನು ನಿಮ್ಮ ಸಭೆಗೇ ಬಂದು ಮಂಡಿಸಲು ತಯಾರಿದ್ದೇನೆ. ಕರೆಯುವುದಾದರೆ ಎಲ್ಲರಿಗೂ ಓದಲು ಮೊದಲೇ ಏನಾದರೂ ಕೊಡಿ, ಕೈಬೀಸಿಕೊಂಡು ಬಂದು ಕೂಗಾಡುವುದು ಬೇಡ.

ಬೆನ್ಸನ್ ಟೌನ್ ವಿದ್ಯಾರ್ಥಿನಿ

ಪ್ಲೆಡ್ಜ್ ಇರುವ ಸಿಎಸ್ಐ ಸಂವಿಧಾನದ ಭಾಗ ಮತ್ತು ಲ್ಯಾಂಬೆತ್ 1.10, ಎರಡನ್ನೂ ನಾನು ಕನ್ನಡಕ್ಕೆ ಮಾಡಿ ಕೊಡುತ್ತೇನೆ. ಕೃತ್ಯಗಳು 10 ಮತ್ತು 15, ರೋಮಾಪುರ 1, ಯೆಶಾಯ 56ರ ಮೊದಲ ಎಂಟು ವಚನ ಎಲ್ಲರೂ ಮನೆಯಲ್ಲೇ ಓದಿಕೊಂಡು ಬರಲಿ. ಮೇಷ್ಟ್ರು ಇನ್ನು ಯಾವ ವಾಕ್ಯಭಾಗ ಸೇರಿಸಬೇಕು ಎಂದು ತಿಳಿಸಿದರೆ ಅದನ್ನೂ ಹಾಕುತ್ತೇನೆ.

ನಿವೃತ್ತ ಮೇಷ್ಟ್ರು, ದಾಸರಹಳ್ಳಿ

1 ಕೊರಿಂಥ 6 ಪೂರ್ತಿ, 1 ತಿಮೊಥೆಯ 3. ಮತ್ತಾಯ 19 ಕೂಡ ಹಾಕಿ, ನಪುಂಸಕರ ಬಗ್ಗೆ ಇರುವ 12ನೇ ವಚನ ನಿಮಗೆ ಬೇಕಾಗುತ್ತದೆ.